ಹೂವಿನ ಕಥೆಗಳಿಂದ ಕೊಳ್ಳಿದೆವ್ವದವರೆಗೆ: ಯೋಶಿಯಾ ನೊಬುಕೊ ಎಂಬ ಕಥೆಗಾರ್ತಿಯ ಬದುಕು

ಕೊಡಿಯಾಲ್‌ಬೈಲ್: ಪಾಳುಬಿದ್ದ ಕಟ್ಟಡವೊಂದರಲ್ಲಿ ಒಂದು ಬಾಗಿಲು. ಅದನ್ನು ದಾಟಿದರೆ ಮನುಷ್ಯರಿಲ್ಲದ, ಹುಲ್ಲು ಬೆಳೆದು ನಿಂತ ಬೇರೊಂದು ಲೋಕ. ಅಲ್ಲಿ ನೋಡಿದವರ ಬುದ್ಧಿಯನ್ನೇ ಕೆಡಿಸುವ ಬಿಳಿಯ ಆಕೃತಿಯೊಂದು ಬಳುಕುತ್ತಾ ನಿಂತಿದೆ. ನೀರಿನಲ್ಲಿ ಬಿದ್ದು ಸಾವಿನ ಅಂಚಿಗೆ ಬಂದ ಕಾಲೇಜು ವಿದ್ಯಾರ್ಥಿನಿ ಸೊರಾವೊಳನ್ನು ತೊರಿಕೊ ಎಂಬ ಅಪರಿಚಿತ ಹುಡುಗಿ ಕಾಪಾಡುತ್ತಾಳೆ. ಅಂದಿನಿಂದ ಇಬ್ಬರೂ ಜೊತೆಯಾಗಿ ಆ ಲೋಕಕ್ಕೆ ಹೋಗಿಬರತೊಡಗುತ್ತಾರೆ. ಸಂಪುಟದಿಂದ ಸಂಪುಟಕ್ಕೆ ಭಯ ಬೆಳೆದಂತೆ ಅವರ ನಡುವಿನ ಪ್ರೀತಿಯೂ ಬೆಳೆಯುತ್ತದೆ.

ಇದು ಜಪಾನಿನ ಲೇಖಕ ಮಿಯಾಜಾವಾ ಇಯೊರಿ 2017ರಲ್ಲಿ ಆರಂಭಿಸಿದ ‘ಉರಾಸೆಕೈ ಪಿಕ್ನಿಕ್’ ಕಾದಂಬರಿ ಮಾಲೆ. ಕಿಸೆಗೆ ಹಿಡಿಸುವ ಗಾತ್ರ, ಸರಳ ವಾಕ್ಯ, ನಡುನಡುವೆ ಚಿತ್ರಗಳು, ಕಂತುಕಂತಾಗಿ ಹೊರಬರುವ ಸಂಪುಟಗಳು. ಇಂತಹ ಪುಸ್ತಕಗಳಿಗೆ ಜಪಾನಿನಲ್ಲಿ ‘ಲೈಟ್ ನಾವೆಲ್’ ಎಂದು ಹೆಸರು. ಈ ಮಾಲೆ 2021ರಲ್ಲಿ ಅನಿಮೆ ಧಾರಾವಾಹಿಯಾಗಿ ತೆರೆಗೆ ಬಂದಿತು. ಶೀರ್ಷಿಕೆಗೆ ಪ್ರೇರಣೆ ರಷ್ಯಾದ ಸ್ಟ್ರುಗಾಟ್ಸ್‌ಕಿ ಸಹೋದರರ ವೈಜ್ಞಾನಿಕ ಕಾದಂಬರಿ. ದೆವ್ವಗಳ ಮೂಲ ಅಂತರ್ಜಾಲದಲ್ಲಿ ಹಬ್ಬಿದ ಜಪಾನೀ ಭೂತಕಥೆಗಳು. ಆದರೆ ಲೋಕದ ಕಣ್ಣು ತಪ್ಪಿಸಿ ಒಂದು ವಿಚಿತ್ರ ಜಾಗಕ್ಕೆ ಸೇರಿಕೊಳ್ಳುವ ಇಬ್ಬರು ಹುಡುಗಿಯರು ಎಲ್ಲಿಂದ ಬಂದರು? ಅವರ ವಂಶವನ್ನು ಹುಡುಕುತ್ತಾ ಹೋದರೆ ನೂರು ವರ್ಷಗಳ ಹಿಂದಿನ ಒಬ್ಬ ಲೇಖಕಿಯ ಮನೆಬಾಗಿಲಿಗೆ ಬಂದು ನಿಲ್ಲುತ್ತೇವೆ. ಆಕೆಯೇ ಯೋಶಿಯಾ ನೊಬುಕೊ.

ಹುಡುಗಿಯರ ಪ್ರೀತಿಯ ಕಥೆಯನ್ನೂ ಪ್ರೇತದ ಕಥೆಯನ್ನೂ ಬರೆದ ಈ ಲೇಖಕಿ, ತಾನು ಬರೆದ ಪ್ರೀತಿಯನ್ನು ಬದುಕಿಯೂ ತೋರಿಸಿದರು. ಆದರೆ ಅದಕ್ಕೆ ಕಾನೂನಿನ ನೆರಳು ಪಡೆಯಲು ಅವರು ಹಿಡಿಯಬೇಕಾಗಿ ಬಂದ ದಾರಿ ಯಾವ ಕಾದಂಬರಿಗಿಂತಲೂ ವಿಚಿತ್ರವಾದುದು.

ಅಧಿಕಾರಿಯ ಮನೆಯ ಹೆಣ್ಣುಮಗಳು

ನೊಬುಕೊ ಹುಟ್ಟಿದ್ದು 1896ರ ಜನವರಿ 12ರಂದು, ಜಪಾನ್ ಸಮುದ್ರದ ದಡದ ನೀಗಾತಾ ನಗರದಲ್ಲಿ. ತಂದೆ ಸರ್ಕಾರಿ ಅಧಿಕಾರಿ. ವರ್ಗಾವಣೆಯಾದಲ್ಲೆಲ್ಲ ಸಂಸಾರವೂ ಹೊರಡಬೇಕು. ಕೊನೆಗೆ ಕುಟುಂಬ ತೊಚಿಗಿ ಪ್ರಾಂತ್ಯದಲ್ಲಿ ನೆಲೆಸಿತು. ಅಲ್ಲಿ ತಂದೆ ಜಿಲ್ಲಾ ಮುಖ್ಯಸ್ಥರಾಗಿದ್ದ ಕಾಲದಲ್ಲೇ, ಆಶಿಯೊ ತಾಮ್ರದ ಗಣಿಯ ವಿಷಜಲದ ಸಮಸ್ಯೆಗೆ ಪರಿಹಾರವೆಂದು ಯಾನಾಕಾ ಎಂಬ ಗ್ರಾಮವನ್ನೇ ತೆರವುಗೊಳಿಸಲಾಯಿತು. ಬಿಡಲೊಪ್ಪದ ಕುಟುಂಬಗಳ ಮನೆಗಳನ್ನು 1907ರಲ್ಲಿ ಬಲವಂತವಾಗಿ ಕೆಡವಲಾಯಿತು. ಆಗ ನೊಬುಕೊಗೆ ಹನ್ನೊಂದು ವರ್ಷ.

ಅಣ್ಣತಮ್ಮಂದಿರ ನಡುವೆ ಆಕೆ ಒಬ್ಬಳೇ ಹೆಣ್ಣುಮಗಳು. ಗಂಡುಮಕ್ಕಳಿಗೆ ಸಲ್ಲುವ ಮರ್ಯಾದೆಯೇ ಬೇರೆ, ತನಗೆ ಸಲ್ಲುವುದೇ ಬೇರೆ ಎಂಬುದು ಎಳವೆಯಲ್ಲೇ ಅರಿವಿಗೆ ಬಂದಿತ್ತು. ಮಗಳು ಹೊಲಿಗೆ, ಅಡುಗೆ, ವಿನಯ ಕಲಿಯಲಿ ಎಂಬುದು ಮನೆಯವರ ಬಯಕೆ. ಮಗಳ ಕೈ ಹೋದದ್ದು ಲೇಖನಿಗೆ. ಶಾಲಾದಿನಗಳಲ್ಲೇ ಬಾಲಕಿಯರ ಪತ್ರಿಕೆಗಳಿಗೆ ಬರಹ ಕಳುಹಿಸಿ ಬಹುಮಾನ ಪಡೆದರು. ತೊಚಿಗಿಯ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಶಿಕ್ಷಣತಜ್ಞ ನಿತೊಬೆ ಇನಾಜೊ ಅವರು ಮಾಡಿದ ಭಾಷಣ ಮನಸ್ಸಿನಲ್ಲಿ ಅಚ್ಚೊತ್ತಿತು. ಒಳ್ಳೆಯ ಹೆಂಡತಿ, ವಿವೇಕಿ ತಾಯಿ ಆಗುವುದಕ್ಕಿಂತ ಮೊದಲು ಹೆಣ್ಣು ಒಳ್ಳೆಯ ಮನುಷ್ಯಳಾಗಬೇಕು ಎಂಬುದು ಆ ಮಾತಿನ ಸಾರ.

ಆ ಮಾತಿನ ತೂಕ ತಿಳಿಯಲು ಅಂದಿನ ಕಾನೂನನ್ನು ನೋಡಬೇಕು. 1898ರ ನಾಗರಿಕ ಸಂಹಿತೆಯ ಪ್ರಕಾರ ಮನೆಯ ಯಜಮಾನನಿಗೇ ಸರ್ವಾಧಿಕಾರ. ಮದುವೆಯಾದ ಹೆಣ್ಣು ಗಂಡನ ಒಪ್ಪಿಗೆಯಿಲ್ಲದೆ ಮುಖ್ಯ ವ್ಯವಹಾರಗಳನ್ನು ನಡೆಸುವಂತಿರಲಿಲ್ಲ. ಮರುವರ್ಷವೇ, ಪ್ರತಿ ಪ್ರಾಂತ್ಯದಲ್ಲೂ ಹೆಣ್ಣುಮಕ್ಕಳಿಗೆ ಪ್ರೌಢಶಾಲೆ ಇರಬೇಕೆಂಬ ಆಜ್ಞೆ ಹೊರಟಿತು. ಒಂದು ಕೈ ಬಾಗಿಲು ಮುಚ್ಚಿತು, ಇನ್ನೊಂದು ಕೈ ಕಿಟಕಿ ತೆರೆಯಿತು. ಆ ಕಿಟಕಿಯೊಳಗೆ, ಬಾಲ್ಯಕ್ಕೂ ಮದುವೆಗೂ ನಡುವಿನ ಕೆಲವೇ ವರ್ಷಗಳಲ್ಲಿ, ‘ಶೋಜೊ’ ಎಂಬ ಹೊಸ ಜೀವಿ ಹುಟ್ಟಿದಳು. ಓದುವ ಹುಡುಗಿ, ಪತ್ರ ಬರೆಯುವ ಹುಡುಗಿ, ಗೆಳತಿಗಾಗಿ ಕಾಯುವ ಹುಡುಗಿ.

ಏಳು ಹುಡುಗಿಯರು, ಒಂದು ಪಿಯಾನೊ

1915ರಲ್ಲಿ ಟೋಕಿಯೊ ಸೇರಿದ ನೊಬುಕೊ ಮರುವರ್ಷ ‘ಶೋಜೊ ಗಾಹೊ’ ಎಂಬ ಬಾಲಕಿಯರ ಸಚಿತ್ರ ಪತ್ರಿಕೆಗೆ ಒಂದು ಕಥೆ ಕಳುಹಿಸಿದರು. ‘ಹಾನಾ ಮೊನೊಗಾತರಿ’, ಅಂದರೆ ಹೂಗಳ ಕಥೆ ಎಂಬ ಮಾಲೆ ಹೀಗೆ ಶುರುವಾಯಿತು. ಒಂದೊಂದು ಕಥೆಗೆ ಒಂದೊಂದು ಹೂವಿನ ಹೆಸರು. 1916ರಿಂದ ಸುಮಾರು ಎಂಟು ವರ್ಷ ಹರಿದುಬಂದ ಈ ಮಾಲೆಯಲ್ಲಿ ಐವತ್ತಕ್ಕೂ ಹೆಚ್ಚು ಕಥೆಗಳಿವೆ.

ಮೊದಲ ಕಥೆಯ ಹೆಸರು ‘ಸುಜುರಾನ್’. ಅದು ಗಂಟೆಯಾಕಾರದ ಪುಟ್ಟ ಬಿಳಿ ಹೂ. ಬೇಸಿಗೆಯ ಆರಂಭದ ಒಂದು ಸಂಜೆ ಏಳು ಹುಡುಗಿಯರು ಒಂದೆಡೆ ಸೇರಿ ಕಥೆ ಹೇಳಲು ಕೂರುತ್ತಾರೆ. ಮೊದಲನೆಯವಳು ಹೇಳುವುದು ತನ್ನ ತಾಯಿ ಸಂಗೀತ ಕಲಿಸುತ್ತಿದ್ದ ಶಾಲೆಯ ವೃತ್ತಾಂತ. ಬೀಗ ಹಾಕಿದ ಸಭಾಂಗಣದಲ್ಲಿ ಹಳೆಯ ಪಿಯಾನೊ ರಾತ್ರಿಯ ಹೊತ್ತು ತಾನಾಗಿಯೇ ನುಡಿಯುತ್ತದೆ. ಬೀಗದ ಕೈ ಇರುವುದು ತಾಯಿಯ ಬಳಿ, ಅನುಮಾನ ಬರುವುದೂ ಆಕೆಯ ಮೇಲೆಯೇ. ತಾಯಿ ಮಗಳು ಕತ್ತಲಲ್ಲಿ ಅಡಗಿ ಕಾದು ನೋಡಿದರೆ, ಅಲ್ಲಿ ದೆವ್ವವಿಲ್ಲ. ಸತ್ತುಹೋದ ತನ್ನ ತಾಯಿಯ ಪಿಯಾನೊವನ್ನು ಗುಟ್ಟಾಗಿ ಬಂದು ನುಡಿಸುವ ಪರದೇಶದ ಹುಡುಗಿಯೊಬ್ಬಳಿದ್ದಾಳೆ.

ಗಮನಿಸಬೇಕಾದ ಸಂಗತಿ ಇದು: ಹುಡುಗಿಯರ ಪ್ರೇಮಕಥೆಗಳ ತಾಯಿಬೇರು ಎನಿಸಿಕೊಂಡ ಮಾಲೆಯ ಮೊದಲ ಕಥೆಯೇ ಪ್ರೇತಕಥೆಯ ಚೌಕಟ್ಟಿನಲ್ಲಿದೆ. ಖಾಲಿ ಕಟ್ಟಡ, ರಾತ್ರಿ, ಕಾರಣ ತಿಳಿಯದ ಶಬ್ದ. ಭಯದಿಂದ ಬಾಗಿಲು ತೆರೆದವರಿಗೆ ಅಲ್ಲಿ ಕಾಣುವುದು ಮತ್ತೊಬ್ಬಳ ದುಃಖ. ಸೊರಾವೊ ಮತ್ತು ತೊರಿಕೊ ಒಂದು ಶತಮಾನದ ಬಳಿಕ ದಾಟಿದ್ದು ಇದೇ ಬಗೆಯ ಬಾಗಿಲನ್ನು.

ಅದೇ ವರ್ಷಗಳಲ್ಲಿ ನಮ್ಮಲ್ಲಿ ಏನಾಗುತ್ತಿತ್ತು? ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿ, ಬಳಿಕ ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿ, ಕನ್ನಡದ ಹೆಣ್ಣುಮಕ್ಕಳಿಗೆ ಓದುವ ರುಚಿ ಹತ್ತಿಸುತ್ತಿದ್ದರು. ಮಂಗಳೂರಿನಲ್ಲಿ ಆನಿ ಬೆಸೆಂಟ್ ಅವರ ಪ್ರೇರಣೆಯಿಂದ 1918ರಲ್ಲಿ ಹುಟ್ಟಿದ ಮಹಿಳಾ ಶಿಕ್ಷಣ ಸಂಸ್ಥೆಯೇ ಇಂದು ಕೊಡಿಯಾಲ್‌ಬೈಲಿನಲ್ಲಿ ಕಾಣುವ ಬೆಸೆಂಟ್ ವಿದ್ಯಾಲಯಗಳ ಮೂಲ. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಬಂದಿತು. ಹೆಣ್ಣುಮಕ್ಕಳ ಶಾಲೆ ಮತ್ತು ಹೆಣ್ಣುಮಕ್ಕಳ ಪತ್ರಿಕೆ, ಇವೆರಡೂ ಏಷ್ಯಾದ ಎರಡು ದಡಗಳಲ್ಲಿ ಬಹುತೇಕ ಒಟ್ಟಿಗೇ ಕಣ್ಣು ಬಿಟ್ಟವು.

ಅಟ್ಟದ ಕೋಣೆಯ ನಿರ್ಧಾರ

ಜಪಾನಿನ ಶಾಲೆಗಳಲ್ಲಿ ಹುಡುಗಿಯರ ನಡುವಿನ ಗಾಢ ಒಲವಿಗೆ ಆಗ ‘ಎಸ್’ ಎಂಬ ಸಂಕೇತನಾಮವಿತ್ತು. ಇಂಗ್ಲಿಷಿನ ಸಿಸ್ಟರ್ ಎಂಬ ಪದದ ಮೊದಲಕ್ಷರ ಅದು. ಹಿರಿಯ ವಿದ್ಯಾರ್ಥಿನಿ ಅಕ್ಕ, ಕಿರಿಯಳು ತಂಗಿ. ಪತ್ರಗಳು, ಉಡುಗೊರೆಗಳು, ಕಣ್ಣೀರು. ಮದುವೆಯಾದೊಡನೆ ಎಲ್ಲವೂ ತಾನಾಗಿ ಮುಗಿಯುತ್ತದೆ ಎಂಬ ಭರವಸೆಯಿಂದ ಹಿರಿಯರು ಇದನ್ನು ನಕ್ಕು ಸಹಿಸಿದರು. ಮುಗಿಯದೇ ಹೋದಾಗ ಮಾತ್ರ ಗಾಬರಿಯಾದರು. 1911ರಲ್ಲಿ ಟೋಕಿಯೊದ ಶಾಲೆಯೊಂದರಲ್ಲಿ ಕಲಿತ ಇಬ್ಬರು ಯುವತಿಯರು ನೀಗಾತಾ ಪ್ರಾಂತ್ಯದ ಕಡಲಿಗೆ ಒಟ್ಟಿಗೆ ಹಾರಿ ಪ್ರಾಣಬಿಟ್ಟಾಗ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

ಹೂಗಳ ಕಥೆಗಳು ಈ ಗಡಿಯೊಳಗೇ ನಿಂತಿದ್ದವು. ಅಗಲಿಕೆ, ಸಾವು, ಇಲ್ಲವೇ ಮದುವೆ. ಯಾವುದಾದರೊಂದರಲ್ಲಿ ಕಥೆ ಮುಗಿಯುತ್ತಿತ್ತು. 1920ರಲ್ಲಿ ಪ್ರಕಟವಾದ ‘ಅಟ್ಟದ ಇಬ್ಬರು ಕನ್ಯೆಯರು’ ಕಾದಂಬರಿಯಲ್ಲಿ ನೊಬುಕೊ ಆ ಗಡಿಯನ್ನು ದಾಟಿದರು. ವಿದ್ಯಾರ್ಥಿನಿಲಯದ ಅಟ್ಟದ ಮೇಲಿನ ತ್ರಿಕೋನಾಕಾರದ ಕೋಣೆಯಲ್ಲಿ ಅಕಿಕೊ ಮತ್ತು ತಮಾಕಿ ಎಂಬ ಇಬ್ಬರು ತರುಣಿಯರು ಪರಸ್ಪರ ಕಂಡುಕೊಳ್ಳುತ್ತಾರೆ. ಕೊನೆಯಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಮದುವೆಯಾಗಿ ಹೊರಟುಹೋಗುವುದಿಲ್ಲ. ಇಬ್ಬರೂ ಒಟ್ಟಿಗೆ ಬಾಳುವ ನಿರ್ಧಾರದೊಂದಿಗೆ ಅಟ್ಟದಿಂದಿಳಿದು ಹೊರಡುತ್ತಾರೆ. ನೊಬುಕೊ ಸ್ವತಃ ಅಂತಹ ನಿಲಯದಲ್ಲಿ ವಾಸವಿದ್ದವರು. ಈ ಹೊತ್ತಿಗೆ ‘ಒಸಾಕಾ ಅಸಾಹಿ’ ಪತ್ರಿಕೆಯ ಸ್ಪರ್ಧೆಯಲ್ಲಿ ಅವರ ಮತ್ತೊಂದು ಕಾದಂಬರಿಗೆ ಬಹುಮಾನ ಬಂದು, ಬಾಲಕಿಯರ ಪತ್ರಿಕೆಯಾಚೆಗೂ ಹೆಸರು ಹಬ್ಬಿತ್ತು.

ಚಿಯೊ ಬಂದ ವರ್ಷ

1923ರ ಜನವರಿಯಲ್ಲಿ ಪತ್ರಕರ್ತೆ ಗೆಳತಿಯೊಬ್ಬರು ನೊಬುಕೊಗೆ ಮೊನ್ಮಾ ಚಿಯೊ ಅವರನ್ನು ಪರಿಚಯಿಸಿದರು. ಚಿಯೊ ಟೋಕಿಯೊದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಅಧ್ಯಾಪಕಿ. ಒಬ್ಬರು ಭಾವನೆಯ ಹೊಳೆಯಲ್ಲಿ ಈಜುವ ಕಥೆಗಾರ್ತಿ, ಇನ್ನೊಬ್ಬರು ಲೆಕ್ಕ ತಪ್ಪದ ಶಿಕ್ಷಕಿ. ಅದೇ ವರ್ಷ ಸೆಪ್ಟೆಂಬರ್ 1ರಂದು ಮಹಾಭೂಕಂಪ ಟೋಕಿಯೊವನ್ನು ಸುಟ್ಟು ಕೆಡವಿತು. ಇವರ ನಂಟು ಅಲುಗಲಿಲ್ಲ.

ಚಿಯೊ ಕೆಲಕಾಲ ದೂರದ ಶಿಮೊನೊಸೆಕಿಯಲ್ಲಿ ಕೆಲಸ ಮಾಡಬೇಕಾಗಿ ಬಂದಾಗ ಇಬ್ಬರ ನಡುವೆ ಪತ್ರಗಳ ಹೊಳೆಯೇ ಹರಿಯಿತು. 1925ರಲ್ಲಿ ನೊಬುಕೊ ‘ಕುರೊಬಾರಾ’, ಅಂದರೆ ಕಪ್ಪು ಗುಲಾಬಿ ಎಂಬ ಸ್ವಂತ ಪತ್ರಿಕೆ ತೆಗೆದು ಎಂಟು ಸಂಚಿಕೆ ನಡೆಸಿದರು. ತಾನು ಬೇರೆ ಮನೆ ಹೂಡಿ, ಚಿಯೊ ಅವರನ್ನು ದತ್ತು ಪಡೆದು, ಒಂದೇ ಕುಟುಂಬವಾಗಿ ಬಾಳಬೇಕೆಂಬ ಯೋಚನೆ ಆ ದಿನಗಳ ಪತ್ರಗಳಲ್ಲೇ ಕಾಣಿಸಿಕೊಂಡಿದೆ. ಅದು ಕೈಗೂಡಲು ಮೂರು ದಶಕ ಹಿಡಿಯಿತು. ಅದಕ್ಕೆ ಕಾಯದೆ, 1926ರಲ್ಲಿ ಟೋಕಿಯೊದ ಹೊರವಲಯದಲ್ಲಿ ಮನೆ ಮಾಡಿ ಇಬ್ಬರೂ ಒಟ್ಟಿಗೆ ವಾಸಿಸತೊಡಗಿದರು. ಚಿಯೊ ಕ್ರಮೇಣ ಲೇಖಕಿಯ ಕಾರ್ಯದರ್ಶಿಯಾಗಿ, ಮನೆಯ ಆಡಳಿತಗಾರ್ತಿಯಾಗಿ, ಹಣಕಾಸಿನ ಉಸ್ತುವಾರಿಯಾಗಿ ನಿಂತರು.

1928ರಲ್ಲಿ ಇಬ್ಬರೂ ಮಂಚೂರಿಯಾ ಮಾರ್ಗವಾಗಿ ಸೈಬೀರಿಯಾದ ರೈಲು ಹಿಡಿದು ಯುರೋಪಿಗೆ ಹೊರಟರು. ಪ್ಯಾರಿಸ್ಸಿನಲ್ಲಿ ತಿಂಗಳುಗಟ್ಟಲೆ ತಂಗಿ, ಅಮೆರಿಕ ಸುತ್ತಿ ಮರುವರ್ಷ ಊರಿಗೆ ಮರಳಿದರು. ಹೆಣ್ಣೊಬ್ಬಳು ತನ್ನ ಲೇಖನಿಯ ಸಂಪಾದನೆಯಿಂದ, ತನಗಿಷ್ಟವಾದ ಜೊತೆಗಾತಿಯೊಂದಿಗೆ ಭೂಮಿ ಸುತ್ತಿ ಬರುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಕತ್ತರಿಸಿದ ಕುಡಿಗೂದಲು, ಸ್ವಂತ ಮನೆ, ಸ್ವಂತ ಕುದುರೆಗಳು; ನೊಬುಕೊ ಏನು ಮಾಡಿದರೂ ಸುದ್ದಿಯಾಗುತ್ತಿತ್ತು.

ಜನಪ್ರಿಯತೆ ಮತ್ತು ಒಂದು ಕಲೆ

ಮೂವತ್ತರ ದಶಕದಲ್ಲಿ ನೊಬುಕೊ ಹೆಂಗಸರ ಪತ್ರಿಕೆಗಳ, ದಿನಪತ್ರಿಕೆಗಳ ಬೇಡಿಕೆಯ ಲೇಖಕಿ. 1936–37ರಲ್ಲಿ ಧಾರಾವಾಹಿಯಾಗಿ ಬಂದ ‘ಒತ್ತೊ ನೊ ತೇಸೊ’, ಅಂದರೆ ‘ಗಂಡನ ಪಾತಿವ್ರತ್ಯ’ ಎಂಬ ಕಾದಂಬರಿಯ ಹೆಸರೇ ಓದುಗರನ್ನು ಬೆಚ್ಚಿಬೀಳಿಸಿತು. ಶೀಲದ ಪ್ರಶ್ನೆಯನ್ನು ಹೆಂಡತಿಗಷ್ಟೇ ಕೇಳುವುದೇಕೆ ಎಂಬ ತಕರಾರು ಆ ಎರಡು ಪದಗಳಲ್ಲೇ ಇತ್ತು. ಅದು ಚಲನಚಿತ್ರವೂ ಆಯಿತು. ಗಂಭೀರ ಸಾಹಿತ್ಯದ ವಿಮರ್ಶಕರು ಮಾತ್ರ ಅವರನ್ನು ಹೆಂಗಸರ ಕಣ್ಣೀರಿನ ಲೇಖಕಿ ಎಂದು ಬದಿಗೆ ಸರಿಸಿದರು. ತ್ರಿವೇಣಿ, ಎಂ.ಕೆ. ಇಂದಿರಾ ಮೊದಲಾದವರ ಕಾದಂಬರಿಗಳನ್ನು ಅಡುಗೆಮನೆ ಸಾಹಿತ್ಯವೆಂದು ಹಗುರವಾಗಿ ಕಂಡ ನೆನಪಿರುವ ಕನ್ನಡ ಓದುಗರಿಗೆ ಈ ಧೋರಣೆ ಹೊಸದಲ್ಲ.

ಈ ಬದುಕಿನಲ್ಲಿ ಮರೆಮಾಚಬಾರದ ಒಂದು ಅಧ್ಯಾಯವೂ ಉಂಟು. ಚೀನಾದ ಮೇಲೆ ಜಪಾನ್ ಯುದ್ಧ ಹೂಡಿದಾಗ ನೊಬುಕೊ 1937ರಲ್ಲಿ ಮಹಿಳಾ ಪತ್ರಿಕೆಯೊಂದರ ಪರವಾಗಿ ಯುದ್ಧಭೂಮಿಯ ವರದಿಗಾರ್ತಿಯಾಗಿ ತೆರಳಿದರು. ಮರುವರ್ಷ ಸರ್ಕಾರ ಕಳುಹಿಸಿದ ಲೇಖಕರ ‘ಲೇಖನಿ ಪಡೆ’ಯಲ್ಲಿ ಹಯಾಶಿ ಫುಮಿಕೊ ಮತ್ತು ನೊಬುಕೊ ಇಬ್ಬರೇ ಮಹಿಳೆಯರು. ಮನೆಯ ಯಜಮಾನಿಕೆಯನ್ನು ಅಷ್ಟು ದಿಟ್ಟವಾಗಿ ಪ್ರಶ್ನಿಸಿದ ಲೇಖನಿ, ದೇಶದ ಯಜಮಾನಿಕೆಯ ಎದುರು ಬಾಗಿತು.

ನೀಲಿ ಜ್ವಾಲೆ

ಯುದ್ಧ ಮುಗಿದು ದೇಶ ಬೂದಿಯಾದ ಮೇಲೆ ನೊಬುಕೊ ಬೇರೊಂದು ದನಿಯಲ್ಲಿ ಬರೆಯತೊಡಗಿದರು. 1951ರ ‘ಒನಿಬಿ’ ಎಂಬ ಸಣ್ಣ ಕಥೆ ಅದಕ್ಕೆ ಸಾಕ್ಷಿ. ಒನಿಬಿ ಎಂದರೆ ಭೂತದ ಬೆಂಕಿ, ನಮ್ಮ ಹಳ್ಳಿಗಳ ಮಾತಿನಲ್ಲಿ ಕೊಳ್ಳಿದೆವ್ವ. ಗ್ಯಾಸಿನ ಬಿಲ್ಲು ವಸೂಲಿಗೆ ಮನೆಮನೆ ಅಲೆಯುವ ಒಬ್ಬ ನೌಕರ. ಕಾಯಿಲೆಯ ಗಂಡನನ್ನು ಇಟ್ಟುಕೊಂಡು ಬಾಕಿ ಕಟ್ಟಲಾಗದ ಒಬ್ಬ ಬಡ ಹೆಂಗಸು. ಹಣದ ಬದಲಿಗೆ ಆಕೆಯ ದೇಹ ಸಿಕ್ಕರೂ ಆದೀತೆಂಬ ಸೂಚನೆ ನೀಡಿ ಆತ ಹೊರಟುಹೋಗುತ್ತಾನೆ. ಮತ್ತೊಮ್ಮೆ ಬಂದಾಗ ಕತ್ತಲ ಅಡುಗೆಮನೆಯಲ್ಲಿ ಗ್ಯಾಸಿನ ಒಲೆ ನೀಲಿಯಾಗಿ ಉರಿಯುತ್ತಿರುತ್ತದೆ, ಹೆಂಗಸು ನೇಣಿಗೆ ಕೊರಳೊಡ್ಡಿರುತ್ತಾಳೆ. ಕಥೆಯಲ್ಲಿ ಪ್ರೇತ ಕಾಲಿಡುವುದೇ ಇಲ್ಲ. ಆದರೂ ಓದುಗನಿಗೆ ಆ ಜ್ವಾಲೆ ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಈ ಕಥೆಗೆ ಜಪಾನಿನ ಮಹಿಳಾ ಲೇಖಕಿಯರ ಪ್ರಶಸ್ತಿ ಸಂದಿತು. ಬದಿಗೆ ಸರಿಸಿದ್ದ ವಿಮರ್ಶಕರೂ ತಿರುಗಿ ನೋಡಿದರು. ನೊಬುಕೊ ಬರೆದ ಭಯದ ಕಥೆಗಳನ್ನೇ ಆಯ್ದು 2006ರಲ್ಲಿ ಚಿಕುಮಾ ಪ್ರಕಾಶನ ತನ್ನ ಪ್ರೇತಕಥೆಗಳ ಮಾಲೆಯಲ್ಲಿ ‘ಇಕಿರ್ಯೊ’ ಎಂಬ ಸಂಪುಟವಾಗಿ ಹೊರತಂದಿದೆ. ಇಕಿರ್ಯೊ ಎಂದರೆ ಬದುಕಿರುವವರ ದೇಹ ಬಿಟ್ಟು ಅಲೆಯುವ ಆತ್ಮ.

ಹೂಗಳ ಕಥೆ ಬರೆದ ಕೈಯೇ ಇದನ್ನೂ ಬರೆಯಿತೇ ಎಂದು ಅಚ್ಚರಿಪಡಬೇಕಾಗಿಲ್ಲ. ಎರಡರಲ್ಲೂ ಇರುವುದು ಒಂದೇ ಪ್ರಶ್ನೆ: ಮನೆಯೆಂಬ ವ್ಯವಸ್ಥೆಯಲ್ಲಿ ಜಾಗ ಸಿಗದ ಹೆಣ್ಣು ಎಲ್ಲಿಗೆ ಹೋಗಬೇಕು? ಜೊತೆ ಸಿಕ್ಕವಳು ಅಟ್ಟದ ಕೋಣೆಗೆ ಹೋಗುತ್ತಾಳೆ, ಸಿಗದವಳು ದೆವ್ವವಾಗುತ್ತಾಳೆ. ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಾಗದೆ ಸತ್ತವರು ನೆಮ್ಮದಿಯಿಲ್ಲದೆ ಅಲೆಯುತ್ತಾರೆಂದು ನಂಬಿ, ಆಟಿ ತಿಂಗಳಲ್ಲಿ ಎರಡು ಮನೆಯವರು ಕುಳಿತು ಸತ್ತವರಿಗೂ ಸಂಬಂಧ ಕುದುರಿಸಿ ‘ಕುಲೆ ಮದಿಮೆ’ ಮಾಡುವ ನಾಡಿದು. ಕುಟುಂಬದ ಪಟ್ಟಿಯಲ್ಲಿ ಹೆಸರು ಸೇರದ ಜೀವಕ್ಕೆ ಶಾಂತಿಯಿಲ್ಲ ಎಂಬ ಭಾವ ಎರಡೂ ಕಡೆ ಒಂದೇ.

ಗೆಳತಿ ಮಗಳಾದದ್ದು

ನೊಬುಕೊ ಮತ್ತು ಚಿಯೊ ಅವರ ಹೆಸರೂ ಒಂದೇ ಪಟ್ಟಿಯಲ್ಲಿರಲಿಲ್ಲ. ಮೂವತ್ತು ವರ್ಷ ಒಂದೇ ಸೂರಿನಡಿ ಬಾಳಿದ್ದರೂ ಕಾನೂನಿನ ಲೆಕ್ಕದಲ್ಲಿ ಅವರು ಪರಕೀಯರು. ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರ ಮಾತಿಗೆ ಬೆಲೆಯಿಲ್ಲ. ಒಬ್ಬರು ಸತ್ತರೆ ಕೃತಿಗಳ ಹಕ್ಕಿನ ಮೇಲೆ ಇನ್ನೊಬ್ಬರಿಗೆ ವಾರಸುದಾರಿಕೆಯಿಲ್ಲ.

1957ರಲ್ಲಿ ನೊಬುಕೊ ಚಿಯೊ ಅವರನ್ನು ಮಗಳಾಗಿ ದತ್ತು ಸ್ವೀಕರಿಸಿದರು. ಆಗ ನೊಬುಕೊಗೆ 61 ವರ್ಷ, ಚಿಯೊ ಕೆಲವೇ ವರ್ಷ ಚಿಕ್ಕವರು. ನಮ್ಮ 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ದತ್ತು ಹೋಗುವವರು ಸಾಮಾನ್ಯವಾಗಿ ಹದಿನೈದು ವರ್ಷದೊಳಗಿನವರಾಗಿರಬೇಕು. ಜಪಾನಿನಲ್ಲಿ ಹಾಗಿಲ್ಲ. ವಂಶದ ಹೆಸರು, ವ್ಯಾಪಾರ ಉಳಿಯಲೆಂದು ವಯಸ್ಕರನ್ನು ದತ್ತು ಪಡೆಯುವುದು ಅಲ್ಲಿ ಹಳೆಯ ರೂಢಿ. ದತ್ತು ಪಡೆಯುವವರಿಗಿಂತ ದತ್ತು ಹೋಗುವವರು ಹಿರಿಯರಾಗಿರಬಾರದು, ಅಷ್ಟೇ. ಗಂಡಸರ ವಂಶ ಉಳಿಸಲು ಹುಟ್ಟಿದ ಆ ರೂಢಿಯನ್ನೇ ಇಬ್ಬರು ಹೆಂಗಸರು ತಮ್ಮ ಸಂಸಾರ ಉಳಿಸಿಕೊಳ್ಳಲು ಬಳಸಿಕೊಂಡರು. ಜೀವನದ ಜೊತೆಗಾತಿ ಕಾಗದದಲ್ಲಿ ಮಗಳಾದರು. ಅವರಿಗಿದ್ದ ಒಂದೇ ಬಾಗಿಲು ಅದು.

ಕಾಮಕುರಾದ ಮನೆ

1962ರಲ್ಲಿ, ಪ್ರಸಿದ್ಧ ವಾಸ್ತುಶಿಲ್ಪಿ ಯೋಶಿದಾ ಇಸೊಯಾ ರೂಪಿಸಿದ ಮನೆಯೊಂದು ಕಡಲತೀರದ ಕಾಮಕುರಾ ಪಟ್ಟಣದಲ್ಲಿ ಇವರಿಗಾಗಿ ಎದ್ದುನಿಂತಿತು. ಕೊನೆಯ ದಶಕದ ದೊಡ್ಡ ಬರವಣಿಗೆ ನಡೆದದ್ದು ಅಲ್ಲಿಯೇ. ಶೋಗನ್ ದೊರೆಗಳ ಅಂತಃಪುರದ ಹೆಂಗಸರ ಕಥೆಯಾದ ‘ತೊಕುಗಾವಾ ನೊ ಫುಜಿನ್‌ತಾಚಿ’ 1966ರಲ್ಲಿ ಬಂದಿತು. ಮರುವರ್ಷ ಕಿಕುಚಿ ಕಾನ್ ಪ್ರಶಸ್ತಿ. ಬಳಿಕ ಹೇಕೆ ವಂಶದ ಪತನವನ್ನು ಹೆಂಗಸರ ಕಣ್ಣಿನಿಂದ ಕಂಡ ‘ನ್ಯೊನಿನ್ ಹೇಕೆ’. ಇತಿಹಾಸ ಮರೆತ ಹೆಂಗಸರನ್ನು ಮಾತಾಡಿಸುವ ಕೆಲಸ ಕೊನೆಯವರೆಗೂ ನಿಲ್ಲಲಿಲ್ಲ.

1973ರ ಜುಲೈ 11ರಂದು, 77ನೆಯ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರಿನಿಂದ ನೊಬುಕೊ ನಿಧನರಾದರು. ಅರ್ಧ ಶತಮಾನ ಜೊತೆಗಿದ್ದ ಚಿಯೊ ಆಗ ಹೊರಗಿನವರಾಗಿರಲಿಲ್ಲ, ಕಾನೂನಿನ ಪ್ರಕಾರ ಮಗಳಾಗಿದ್ದರು. ಲೇಖಕಿಯ ಇಚ್ಛೆಯಂತೆ ಮನೆ ಕಾಮಕುರಾ ನಗರಾಡಳಿತಕ್ಕೆ ಸೇರಿ ಸ್ಮಾರಕವಾಯಿತು.

ಹೂವಿನ ಹೆಸರು ಉಳಿದುಕೊಂಡಿತು

1976ರಲ್ಲಿ ಜಪಾನಿನ ಪತ್ರಿಕಾ ಸಂಪಾದಕ ಇತೊ ಬುಂಗಾಕು, ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳ ಪತ್ರಗಳ ಅಂಕಣಕ್ಕೆ ‘ಯೂರಿ’ ಬಳಗದ ಹೆಸರಿಟ್ಟರು. ಯೂರಿ ಎಂದರೆ ಲಿಲ್ಲಿ ಹೂ. ಮುಂದೆ ಹುಡುಗಿಯರ ಪ್ರೇಮಕಥೆಗಳಿಗೆಲ್ಲ ಅದೇ ಹೆಸರು ನಿಂತಿತು. 1998ರಲ್ಲಿ ಕೊನ್ನೊ ಒಯುಕಿ ಆರಂಭಿಸಿದ ‘ಮರಿಯಾಸಾಮಾ ಗಾ ಮಿತೆರು’ ಮಾಲೆ ಕಥೆಯನ್ನು ಕೆಥೊಲಿಕ್ ಹೆಣ್ಣುಮಕ್ಕಳ ಶಾಲೆಯ ಅಂಗಳಕ್ಕೆ ಮರಳಿ ತಂದಿತು. ಅಲ್ಲಿ ಮತ್ತೆ ಅಕ್ಕ ತಂಗಿಯರ ಹಳೆಯ ಪದ್ಧತಿ. 2009ರಲ್ಲಿ ‘ಹಾನಾ ಮೊನೊಗಾತರಿ’ ಸ್ವತಃ ಅಗ್ಗದ ಆವೃತ್ತಿಯಲ್ಲಿ ಮರುಮುದ್ರಣ ಕಂಡಿತು. ಹಾಗೆ ನೋಡಿದರೆ ‘ಉರಾಸೆಕೈ ಪಿಕ್ನಿಕ್’ ಇದೇ ಸಾಲಿನ ಹೊಸ ಮನೆ. ನೊಬುಕೊ ಬೇರೆಬೇರೆ ಕಾಲದಲ್ಲಿ ಬರೆದ ಎರಡು ಬಗೆಯ ಕಥೆಗಳು ಅದರಲ್ಲಿ ಒಂದಾಗಿವೆ.

ಕಾನೂನಿನ ಹೆಜ್ಜೆ ಕಥೆಯಷ್ಟು ಬೇಗ ಬೀಳುವುದಿಲ್ಲ. ಟೋಕಿಯೊದ ಶಿಬುಯಾ ವಾರ್ಡ್ 2015ರಲ್ಲಿ ಸಲಿಂಗ ಜೋಡಿಗಳಿಗೆ ಸಹಜೀವನದ ಪ್ರಮಾಣಪತ್ರ ಕೊಡಲಾರಂಭಿಸಿತು. ಇಂತಹ ಮದುವೆಗೆ ಮಾನ್ಯತೆ ನೀಡದಿರುವುದು ಸಂವಿಧಾನಬಾಹಿರ ಎಂದು ಸಪ್ಪೊರೊ ನ್ಯಾಯಾಲಯ 2021ರಲ್ಲಿ ಹೇಳಿತು. ಭಾರತದ ಸುಪ್ರೀಂ ಕೋರ್ಟು 2018ರಲ್ಲಿ ವಯಸ್ಕರ ಸಮ್ಮತಿಯ ಸಂಬಂಧವನ್ನು 377ನೆಯ ಸೆಕ್ಷನ್ನಿನ ಹಿಡಿತದಿಂದ ಬಿಡಿಸಿತು. 2023ರಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿ, ಆ ಪ್ರಶ್ನೆಯನ್ನು ಶಾಸನಸಭೆಗೆ ಬಿಟ್ಟಿತು.

ಮೊಬೈಲ್ ಪರದೆಯಲ್ಲಿ ಇಬ್ಬರು ಹುಡುಗಿಯರು ಬೇರೆ ಲೋಕದ ಬಾಗಿಲು ದಾಟುವುದನ್ನು ಇಂದಿನ ಮಂಗಳೂರಿನ ಹುಡುಗಿ ರೋಚಕ ಕಥೆಯಾಗಿ ನೋಡಬಹುದು. 1957ರಲ್ಲಿ ದತ್ತಕಪತ್ರಕ್ಕೆ ಹೆಸರು ಬರೆದ ಇಬ್ಬರು ವಯಸ್ಸಾದ ಹೆಂಗಸರಿಗೆ ಬೇರೆ ಲೋಕ ಬೇಕಾಗಿರಲಿಲ್ಲ. ಇದೇ ಲೋಕದಲ್ಲಿ, ತಾವೇ ಕಟ್ಟಿಸಿದ ಮನೆಯಲ್ಲಿ, ಕೊನೆಯವರೆಗೂ ಒಬ್ಬರಿಗೊಬ್ಬರು ಹಕ್ಕಿನಿಂದ ಇರುವುದಷ್ಟೇ ಬೇಕಾಗಿತ್ತು.